ಕೃತ್ತಿಕೆಯನ್ನು ಗಡಿಯಾರ ಮಾಡಿದವರು

ಕಾರ್ತಿಕ ಬಂತೆಂದರೆ ಪುರವಣಿಗಳಲ್ಲಿ ಶತಪಥ ಬ್ರಾಹ್ಮಣದ ಒಂದು ಮಾತು ತಪ್ಪದೆ ಹಾಜರಾಗುತ್ತದೆ: ಕೃತ್ತಿಕೆಗಳು ಪೂರ್ವದಿಕ್ಕನ್ನು ಬಿಟ್ಟು ಕದಲುವುದಿಲ್ಲ ಎಂಬುದು. ಅದರ ಬೆನ್ನಿಗೇ ಕ್ರಿ.ಪೂ. 3000 ಎಂಬ ಅಂಕಿ. 1895ರಲ್ಲಿ ಈ ಲೆಕ್ಕವನ್ನು ಮಂಡಿಸಿದವರು ಶಂಕರ ಬಾಲಕೃಷ್ಣ ದೀಕ್ಷಿತರು. ಗಣಿತದಲ್ಲಿ ತಪ್ಪಿಲ್ಲ. ಅಯನಚಲನೆಯನ್ನು ಹಿಂದಕ್ಕೆ ತಿರುಗಿಸಿದರೆ ಈ ತಾರಾಗುಚ್ಛ ವಿಷುವದ್ವೃತ್ತದ ಮೇಲಿದ್ದು ನೇರ ಪೂರ್ವಕ್ಕೆ ಹುಟ್ಟುತ್ತಿದ್ದುದು ಸುಮಾರು ಆ ಕಾಲದಲ್ಲೇ. ಇಂದು ಬೆಂಗಳೂರಿನಿಂದ ನೋಡಿದರೆ ಅದು ಹುಟ್ಟುವುದು ಪೂರ್ವದಿಂದ ಸುಮಾರು 25 ಡಿಗ್ರಿ ಉತ್ತರಕ್ಕೆ ಸರಿದು. ಇತ್ತೀಚೆಗೆ ನರಹರಿ ಆಚಾರ್ ಅವರು ಕಂಪ್ಯೂಟರಿನಲ್ಲಿ ಅಂದಿನ ಆಕಾಶವನ್ನು ಮೂಡಿಸಿ ದೀಕ್ಷಿತರನ್ನು ಮತ್ತೆ ಎತ್ತಿಹಿಡಿದಿದ್ದಾರೆ. ಇಷ್ಟೆಲ್ಲ ಆದರೂ ಆ ಪ್ರಕರಣವನ್ನು ಪೂರ್ತಿ ಓದಿದವರು ಎಷ್ಟು ಮಂದಿ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ.

ಎರಡನೆಯ ಕಾಂಡದ ಮೊದಲ ಅಧ್ಯಾಯದಲ್ಲಿ ಚರ್ಚೆಗೆ ಬಂದಿರುವುದು ಅಗ್ನ್ಯಾಧಾನ. ಗೃಹಸ್ಥನು ಯಾವ ನಕ್ಷತ್ರದಲ್ಲಿ ಅಗ್ನಿಯನ್ನು ಪ್ರತಿಷ್ಠಾಪಿಸಬೇಕು? ಕೃತ್ತಿಕೆಯಲ್ಲಿ ಎನ್ನುತ್ತದೆ ಗ್ರಂಥ, ಕಾರಣಗಳನ್ನೂ ಕೊಡುತ್ತದೆ. ಅದು ಅಗ್ನಿಯದೇ ನಕ್ಷತ್ರ. ಉಳಿದ ನಕ್ಷತ್ರಗಳಲ್ಲಿ ಒಂದೋ ಎರಡೋ ಮೂರೋ ನಾಲ್ಕೋ ತಾರೆಗಳು, ಇದರಲ್ಲಿ ಬಹಳ, ಆದ್ದರಿಂದ ಸಮೃದ್ಧಿ. ಪೂರ್ವದಿಂದ ಕದಲದಿರುವುದು ಮೂರನೆಯ ಕಾರಣ. ಪುರವಣಿಯವರು ಇಲ್ಲಿಗೆ ಪುಟ ಮುಚ್ಚುತ್ತಾರೆ.

ಗ್ರಂಥ ಮುಚ್ಚುವುದಿಲ್ಲ. ಮರುಗಳಿಗೆಯಲ್ಲೇ ಅದು ಕೃತ್ತಿಕೆಯಲ್ಲಿ ಅಗ್ನಿಯನ್ನಿಡಬಾರದು ಎಂದು ವಾದ ಹೂಡುತ್ತದೆ. ಇವರು ಹಿಂದೆ ಸಪ್ತರ್ಷಿಗಳ ಹೆಂಡಿರು. ಋಷಿಗಳು ಹುಟ್ಟುವುದು ಉತ್ತರದಲ್ಲಿ, ಇವರು ಹುಟ್ಟುವುದು ಪೂರ್ವದಲ್ಲಿ. ಗಂಡಂದಿರ ಸಂಗಕ್ಕೆ ಎರವಾದವರು. ಇಂಥವರ ನಕ್ಷತ್ರದಲ್ಲಿ ಅಗ್ನಿಯನ್ನಿಟ್ಟರೆ ಯಜಮಾನನಿಗೂ ಅದೇ ಗತಿ ಬಂದೀತು. ಗಮನಿಸಬೇಕಾದ್ದು ಇಲ್ಲಿದೆ. ಮೊದಲು ಗುಣವಾಗಿದ್ದ ಪೂರ್ವವೇ ಈಗ ದೋಷ. ಕಣ್ಣಿಗೆ ಬಿದ್ದ ದೃಶ್ಯ ಒಂದೇ: ಪೂರ್ವದಲ್ಲಿ ಒತ್ತೊತ್ತಾಗಿ ಮಿನುಗುವ ಒಂದು ಗುಂಪು. ಒಂದು ಸಲ ಅದು ಸ್ಥೈರ್ಯದ ಗುರುತು, ಇನ್ನೊಂದು ಸಲ ವಿರಹದ ಗುರುತು. ಆಮೇಲೆ ಪರಿಹಾರ: ಅಗ್ನಿಯೇ ಇವರ ಜೊತೆಗಾರ, ಆದ್ದರಿಂದ ಇಡಬಹುದು. ನಕ್ಷತ್ರದಲ್ಲಿ ದೈವದ ಅರ್ಥ ಕಾಣುವುದೆಂದರೆ ಈ ಗ್ರಂಥದ ಋಷಿಗಳಿಗೆ ಆಕಾಶದ ಎದುರು ಕೈಮುಗಿದು ಸುಮ್ಮನಾಗುವುದಾಗಿರಲಿಲ್ಲ. ಅರ್ಥದ ಬಗ್ಗೆ ಜಗಳವಾಡುತ್ತಿದ್ದರು. ಭಕ್ತಿಯ ಬರವಣಿಗೆಯಲ್ಲಿ ನನಗೆ ಇಷ್ಟವಾಗುವ ಗುಣ ಇದು, ಅಪರೂಪದ್ದೂ ಹೌದು.

ಈಗ ದಿಕ್ಕಿನ ಮಾತನ್ನು ಯಂತ್ರವಿಟ್ಟು ಅಳೆದವರ ನಿಖರತೆಯನ್ನು ಅಕ್ಕಪಕ್ಕದ ಮಾತುಗಳಿಗೂ ಹಚ್ಚೋಣ. ಬೇರೆ ನಕ್ಷತ್ರಗಳಿಗೆ ನಾಲ್ಕಕ್ಕಿಂತ ಹೆಚ್ಚು ತಾರೆಗಳಿಲ್ಲವೆ? ಇದೇ ಪ್ರಕರಣ ಮುಂದೆ ಶಿಫಾರಸು ಮಾಡುವ ಹಸ್ತಕ್ಕೆ ನಮ್ಮ ಜ್ಯೋತಿಷಗ್ರಂಥಗಳು ಐದು ತಾರೆಗಳನ್ನು ಎಣಿಸುತ್ತವೆ, ಕೈಗೆ ಐದು ಬೆರಳಿದ್ದಂತೆ. ಇನ್ನು ಸಪ್ತರ್ಷಿಗಳು ಉತ್ತರದಲ್ಲಿ ಹುಟ್ಟುವ ವಿಚಾರ. ಕ್ರಿ.ಪೂ. 3000ರಲ್ಲಿ ಧ್ರುವಸ್ಥಾನ ಇದ್ದದ್ದು ಥುಬಾನ್ ಎಂಬ ತಾರೆಯ ಹತ್ತಿರ. ಸಪ್ತರ್ಷಿಮಂಡಲದ ಏಳೂ ತಾರೆಗಳು ಅದರ ಸುತ್ತಲೇ, ಸುಮಾರು 25 ಡಿಗ್ರಿಯೊಳಗೆ. ಕುರುಕ್ಷೇತ್ರದಿಂದ ನೋಡುವವನಿಗೆ ಅವು ಆಗ ಮುಳುಗುತ್ತಲೇ ಇರಲಿಲ್ಲ. ಮುಳುಗದವು ಹುಟ್ಟುವುದು ಹೇಗೆ? ಹುಟ್ಟುವುದೆಂದರೆ ಕತ್ತಲಾದ ಮೇಲೆ ಕಾಣಿಸಿಕೊಳ್ಳುವುದು ಅಷ್ಟೆ, ಅಷ್ಟು ಬಿಗಿಯಾಗಿ ಹಿಡಿಯಬಾರದು ಎಂದು ಅವರು ಹೇಳಬಹುದು. ಒಪ್ಪಿದೆ. ಹಾಗಿದ್ದರೆ ಸಪ್ತರ್ಷಿಗಳಿಗೆ ಕೊಟ್ಟ ಸಡಿಲವನ್ನು ಅವರ ಹೆಂಡಿರಿಗೂ ಕೊಡಬೇಕಲ್ಲ! ವಿಧಿಯನ್ನು ಹೊಗಳಿ ಒಪ್ಪಿಸುವ ಮಾತಿಗೆ ಮೀಮಾಂಸಕರು ಅರ್ಥವಾದವೆಂದು ಹೆಸರಿಟ್ಟು ಎಷ್ಟೋ ಕಾಲವಾಯಿತು. ಮೂರು ಹೊಗಳಿಕೆಗಳಲ್ಲಿ ಒಂದನ್ನು ಮಾತ್ರ ಎತ್ತಿ ವೀಕ್ಷಣಾಲಯದ ದಾಖಲೆ ಎನ್ನುವುದು ಓದುವ ಕ್ರಮವಲ್ಲ.

ಕಾಲನಿರ್ಣಯವನ್ನು ಅಲ್ಲಗಳೆಯುವ ಪಂಡಿತರ ಮೇಲೂ ನನಗೆ ಪ್ರೀತಿಯೇನಿಲ್ಲ. ಗ್ರಂಥದ ಭಾಷೆಯನ್ನು ನೋಡಿ ಅದು ಕ್ರಿ.ಪೂ. ಮೊದಲ ಸಹಸ್ರಮಾನದ್ದು ಎನ್ನುವಲ್ಲಿ ಅವರ ವಾದ ಗಟ್ಟಿ. ಆದರೆ ತಾರೀಖು ಬಿದ್ದುಹೋದ ಕೂಡಲೇ ಅವರಿಗೆ ಪ್ರಕರಣವೂ ಬೇಡವಾಗುತ್ತದೆ, ಪುರೋಹಿತರ ಹರಟೆಯಾಗಿ ಮೂಲೆ ಸೇರುತ್ತದೆ. ಎರಡು ಪಕ್ಷಕ್ಕೂ ಬೇಕಾದದ್ದು ಅಂಕಿಯೇ. ಅಗ್ನಿಯೇ ಜೊತೆಗಾರ ಎಂಬ ಆ ಅವಸರದ ಪರಿಹಾರ ಮಹಾಭಾರತದ ವನಪರ್ವದಲ್ಲಿ ಸ್ಕಂದನ ಕಥೆಯಾಗಿ ಬೆಳೆಯಿತಲ್ಲ, ಅದನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಅಗ್ನಿಯನ್ನು ಬಯಸಿದ ಸ್ವಾಹೆ ಋಷಿಪತ್ನಿಯರ ರೂಪ ತಾಳುತ್ತಾಳೆ. ಅರುಂಧತಿಯ ರೂಪ ಮಾತ್ರ ಒಲಿಯುವುದಿಲ್ಲ. ಅಪವಾದ ಹೊತ್ತು ಗಂಡಂದಿರಿಂದ ದೂರವಾದ ಆರು ಮಂದಿಗೆ ಸ್ಕಂದನು ಮಗನಾಗುತ್ತಾನೆ. ಬ್ರಾಹ್ಮಣದಲ್ಲಿ ಬರೀ ಆಕ್ಷೇಪವಾಗಿದ್ದ ಅಗಲಿಕೆ ಇಲ್ಲಿ ಹೆಂಗಸರ ಮೇಲಿನ ಅನ್ಯಾಯವಾಗಿದೆ. ಸಾಹಿತ್ಯದ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಪುರಾವೆ ಯಾವುದು ಬೇಕು?

ಪ್ರಕರಣದ ದೌರ್ಬಲ್ಯವನ್ನೂ ಹೇಳಬೇಕು. ಕೃತ್ತಿಕೆಯ ನಂತರ ರೋಹಿಣಿ, ಮೃಗಶಿರ, ಪುನರ್ವಸು, ಫಲ್ಗುನಿ, ಹಸ್ತ, ಚಿತ್ತೆ ಎಂದು ಸಾಲು ಹಿಡಿಯುವಾಗ ವಾದದ ಕಾವು ಇಳಿಯುತ್ತದೆ. ಕೊನೆಗೆ ಮಾತ್ರ ಮತ್ತೆ ಚುರುಕು. ನಕ್ಷತ್ರಗಳಿಗೂ ಒಮ್ಮೆ ಸೂರ್ಯನಷ್ಟೇ ಬಲವಿತ್ತಂತೆ. ಅವನು ಹುಟ್ಟುತ್ತಲೇ ಅದನ್ನು ಕಿತ್ತುಕೊಂಡ. ಆದ್ದರಿಂದ ಸೂರ್ಯನನ್ನೇ ನಕ್ಷತ್ರವೆಂದು ಭಾವಿಸಿ ಒಳ್ಳೆಯ ದಿನ ನೋಡಿ ಅಗ್ನಿಯನ್ನಿಡಬಹುದು! ಅಷ್ಟೂ ಹೊತ್ತು ತೂಗಿ ನೋಡಿದ ನಕ್ಷತ್ರಗಳನ್ನೆಲ್ಲ ಗ್ರಂಥ ತಾನೇ ಬದಿಗೆ ಸರಿಸಿತು. ನಮ್ಮ ರೈತರು ಮೇ ತಿಂಗಳಲ್ಲಿ ಕೃತ್ತಿಕೆ ಮಳೆ ಎನ್ನುವಾಗಲೂ ಲೆಕ್ಕಕ್ಕಿರುವವನು ಸೂರ್ಯನೇ. ಆಗ ಅವನು ಕೃತ್ತಿಕೆಯಲ್ಲೇ ಇರುತ್ತಾನಾದ್ದರಿಂದ ಆ ತಾರೆಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಕದಲದ ಪೂರ್ವದ ಮೇಲೆ ಐದು ಸಾವಿರ ವರ್ಷಗಳ ಕಟ್ಟಡ ಎಬ್ಬಿಸಿದವರ ಬರಹಗಳಲ್ಲಿ ಈ ಕೊನೆಯ ಕಂಡಿಕೆಗಳನ್ನು ಚರ್ಚೆಗೆ ತಂದದ್ದನ್ನು ನಾನು ಕಂಡಿಲ್ಲ.