ಮುಂದೆ ಹಾಡುವವರಿಗೆ ಬೇಕಾದ ಕಿವಿ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಭಜನೆಯಲ್ಲಿ ಒಬ್ಬರು ಮುಂದೆ ಹಾಡುತ್ತಾರೆ, ಉಳಿದವರು ಹಿಂದೆ ದನಿಗೂಡಿಸುತ್ತಾರೆ. ಏಕತಾರಿ ಶ್ರುತಿ ಹಿಡಿದಿರುತ್ತದೆ. ತಾಳ, ದಮ್ಮಡಿ, ಪೇಟಿ ಜೊತೆಯಾಗುತ್ತವೆ. ಕೊಡೇಕಲ್ಲ ಬಸವಣ್ಣ, ತಿಂಥಣಿ ಮೋನಪ್ಪಯ್ಯರಂಥ ಅನುಭಾವಿಗಳ ಈ ನೆಲದಲ್ಲಿ ಪದಗಳು ಉಳಿದದ್ದು ಹೀಗೆ ಬಾಯಿಂದ ಬಾಯಿಗೆ. ಇಲ್ಲಿ ಕಲಿಯುವ ಹುಡುಗನೋ ಹುಡುಗಿಯೋ ಮೊದಲ ಸಲ ಓರಗೆಯವರ ತಾಲೀಮು ನಡೆಸಿದರೆ ಕೇಳಿದವರು ಮೆಚ್ಚುವುದು, ಇಲ್ಲವೇ ಹಳಿಯುವುದು ಕಂಠವನ್ನು. ಈ ಅಳತೆಯೇ ತಪ್ಪು. ತಾಲೀಮು ಹೇಗೆ ನಡೆಯಿತೆಂದು ಹೇಳುವುದು ಹಿಮ್ಮೇಳದಿಂದ ಮರಳಿ ಬರುವ ಪಲ್ಲವಿ. ಅದನ್ನು ಗಮನವಿಟ್ಟು ಕೇಳುವ ಕಿವಿಯೇ ಮುಂದಾಳಿನ ಮೊದಲ ಅರ್ಹತೆ.

ಪದವೊಂದು ಕೆಡುವ ಬಗೆಯನ್ನೇ ನೋಡಿ. ನುಡಿ ಮುಗಿದು ಪಲ್ಲವಿಗೆ ತಿರುಗುವಲ್ಲಿ ತಾಳದವರು ತುಸು ಮುಂದೋಡುತ್ತಾರೆ. ಹೊಸ ಮುಂದಾಳು ಗಾಬರಿಯಾಗಿ ದನಿ ಏರಿಸುತ್ತಾರೆ, ಹಿಮ್ಮೇಳವೂ ಏರುತ್ತದೆ, ಲಯ ಇನ್ನಷ್ಟು ಓಡುತ್ತದೆ. ಕೊನೆಯ ನುಡಿಗೆ ಬರುವಷ್ಟರಲ್ಲಿ ಅಂಕಿತದ ಅಕ್ಷರಗಳು ಬಾಯೊಳಗೇ ಕರಗಿಹೋಗುತ್ತವೆ. ಪದ ಯಾರದೆಂದು ತಿಳಿಸುವ ಜಾಗವೇ ಅದು. ಹೀಗಾಗಿ ಇಲ್ಲಿ ಕೆಡುವುದು ರಾಗದ ಜೊತೆಗೆ ಅರ್ಥವೂ. ಬಲ್ಲವರು ಇಂಥಲ್ಲಿ ಹಾಡು ನಿಲ್ಲಿಸುತ್ತಾರೆ. ಬರೀ ತಾಳದ ಮೇಲೆ ಆ ಒಂದು ಸಾಲನ್ನು ಸಣ್ಣ ದನಿಯಲ್ಲಿ ಹೇಳಿಸಿ, ಮುಂದಿನ ಸಲ ತಾವು ಸುಮ್ಮನಿದ್ದು ಹಿಮ್ಮೇಳವೊಂದನ್ನೇ ಕೇಳುತ್ತಾರೆ. ಯಾರ ದನಿ ಜಾರುತ್ತಿದೆ, ಎಲ್ಲಿ ಉಸಿರು ಸಾಲುತ್ತಿಲ್ಲ ಎಂಬುದು ಆಗ ತಿಳಿಯುತ್ತದೆ.

ಕೇಳುವಿಕೆಯಿಂದಲೇ ಮೇಳ ಕಟ್ಟಬಹುದೆಂಬುದಕ್ಕೆ ಗದಗಿನ ವೀರೇಶ್ವರ ಪುಣ್ಯಾಶ್ರಮ ಸಾಕ್ಷಿ. ಅಲ್ಲಿ ಸಂಗೀತ ಕಲಿಸಿದ ಗುರು ಪಂಚಾಕ್ಷರಿ ಗವಾಯಿಗಳು ಅಂಧರು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಅಂಧರು, ಅಲ್ಲಿ ಕಲಿತವರಲ್ಲಿ ಅನೇಕರೂ ಹಾಗೆಯೇ. ಕೈಸನ್ನೆ, ಕಣ್ಸನ್ನೆಗೆ ಅಲ್ಲಿ ಎಡೆಯಿರಲಿಲ್ಲ. 1944ರಲ್ಲಿ ಗುರುಗಳು ತೀರಿಕೊಂಡಾಗ ಆಶ್ರಮದ ಹೊಣೆ ಹೊತ್ತ ಪುಟ್ಟರಾಜರಿಗೆ ಮೂವತ್ತು ವರ್ಷ. ನಿನ್ನೆಯವರೆಗೆ ಶಿಷ್ಯರಾಗಿದ್ದವರು ಉಳಿದ ಶಿಷ್ಯರ ಮುಂದೆ ನಿಂತರು, ಪರಂಪರೆ ಮುಂದುವರಿಯಿತು.

ಓರಗೆಯವರ ಮಾತನ್ನು ಓರಗೆಯವರು ಕೇಳುವುದಿಲ್ಲ, ಗುರುವಿಲ್ಲದೆ ತಪ್ಪು ಧಾಟಿ ಗಟ್ಟಿಯಾಗುತ್ತದೆ ಎಂಬ ಆಕ್ಷೇಪಕ್ಕೆ ತೂಕವಿದೆ. ಧಾಟಿಯ ವಿಷಯದಲ್ಲಿ ಹಿರಿಯರ ತೀರ್ಪೇ ಕೊನೆಯದಾಗಬೇಕು. ತಾಲೀಮಿನ ಕೊನೆಗೆ ಅವರು ಬಂದು ಕೇಳಲಿ. ಆದರೆ ಅವರು ಮೊದಲಿನಿಂದಲೂ ಮುಂದೆ ಕೂತರೆ ಎಳೆಯರು ಹಿರಿಯರ ಮುಖ ನೋಡಿ ಹಾಡುತ್ತಾರೆ, ಪಕ್ಕದವರ ದನಿ ಅವರ ಕಿವಿಗೆ ಬೀಳುವುದಿಲ್ಲ. ಭಜನೆ ಭಕ್ತಿಯ ಕೆಲಸ, ಅದನ್ನು ನಡುವೆ ನಿಲ್ಲಿಸಿ ತಿದ್ದುವುದು ಸಲ್ಲದು ಎನ್ನುವವರೂ ಇದ್ದಾರೆ. ಗುಡಿಯ ಮುಂದೆ ಅದು ನಿಜ. ಅಲ್ಲಿ ನಿಲ್ಲಿಸಬಾರದೆಂದೇ ತಾಲೀಮಿನಲ್ಲಿ ನಿಲ್ಲಿಸಬೇಕು. ಅಂಕಿತ ನುಂಗಿ ಹಾಡುವುದು ಪದ ಕಟ್ಟಿದವರಿಗೆ ತೋರುವ ಭಕ್ತಿಯಲ್ಲ. ಆದ್ದರಿಂದ ಈ ಮೂರೂ ಊರುಗಳ ಭಜನಾ ಮಂಡಳಿಗಳು, ಕಾಲೇಜುಗಳ ಹಾಡಿನ ತಂಡಗಳು ಒಳ್ಳೆಯ ಕಂಠದ ಒಬ್ಬರನ್ನೇ ಸದಾ ಮುಂದೆ ಕೂರಿಸುವ ರೂಢಿ ಬಿಡಬೇಕು. ಸರದಿಯ ಮೇಲೆ ಎಲ್ಲರಿಗೂ ತಾಲೀಮು ನಡೆಸುವ ಅವಕಾಶ ಸಿಗಲಿ. ಒಮ್ಮೆ ಮುಂದೆ ಕೂತು ಕೇಳಿದವರು ಹಿಮ್ಮೇಳಕ್ಕೆ ಮರಳಿದಾಗ ತಾಳ ಬಿಟ್ಟು ಓಡುವುದಿಲ್ಲ. ಮೇಳಕ್ಕೆ ಆಗುವ ದೊಡ್ಡ ಲಾಭ ಇದೇ.