ಅಜ್ಜಿಯ ಸೋಡಾಬುಡ್ಡಿ ಮತ್ತು ಒಂದು ಬಿಸಿನೆಸ್ ಪುಸ್ತಕ

‘ಸ್ಕೇಲ್ ಅಂದ್ರೆ ಏನು ಅಂತ ಗೊತ್ತಾಗ್ಬೇಕಾದ್ರೆ ಇದನ್ನ ಓದು’ ಅಂತ ಮ್ಯಾನೇಜರ್ ಕೈಗಿಟ್ಟ ಪುಸ್ತಕ ‘ಇನ್ಫಿನಿಟ್ ವಿಷನ್’. ಪವಿತ್ರಾ ಮೆಹ್ತಾ, ಸುಚಿತ್ರಾ ಶೆಣೈ 2011ರಲ್ಲಿ ಬರೆದದ್ದು. 1976ರಲ್ಲಿ ಮದುರೈನಲ್ಲಿ 11 ಹಾಸಿಗೆಗಳಿಂದ ಶುರುವಾದ ಅರವಿಂದ್ ಕಣ್ಣಾಸ್ಪತ್ರೆಯ ಕಥೆ. ಸಂಧಿವಾತದಿಂದ ಸೊಟ್ಟಗಾದ ಬೆರಳುಗಳಲ್ಲೇ ಆಪರೇಷನ್ ಮಾಡುತ್ತಿದ್ದ ಡಾ. ವೆಂಕಟಸ್ವಾಮಿ ರಿಟೈರಾದ ಮೇಲೆ ಕಟ್ಟಿದ ಆಸ್ಪತ್ರೆ ಅದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಲೆನ್ಸಿನ ವಿಷಯ. ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ಮೊದಲ ಕೃತಕ ಲೆನ್ಸ್ ಕೂರಿಸಿದ್ದರು. ಆದರೆ ನಮ್ಮ ಬಡವರಿಗೆ ಎಷ್ಟೋ ದಶಕ ಸಿಕ್ಕಿದ್ದು ಪೊರೆ ತೆಗೆದು ಕೊಡುವ ದಪ್ಪ ಕನ್ನಡಕ ಮಾತ್ರ. ನಮ್ಮಜ್ಜಿಗೂ ಅಷ್ಟೇ, ಶಾಲೆಯಲ್ಲಿ ನಡೆದ ಕ್ಯಾಂಪು, ಒಂದು ಸೋಡಾಬುಡ್ಡಿ. ಅದನ್ನು ಹಾಕಿಕೊಂಡರೆ ಮೆಟ್ಟಿಲು ಇರುವುದಕ್ಕಿಂತ ಹತ್ತಿರ ಕಾಣುತ್ತಿತ್ತು, ಪಕ್ಕದಿಂದ ಬಂದ ಕರು ಕಾಣುತ್ತಿರಲಿಲ್ಲ. ಒಂದು ದಿನ ಬಚ್ಚಲಲ್ಲಿ ಬಿದ್ದು ಒಡೆಯಿತು. ಹೊಸದು ಬರೋ ತನಕ ಎರಡು ತಿಂಗಳು ಅಜ್ಜಿ ಗೋಡೆ ಹಿಡಿದು ಓಡಾಡಿದಳು. ಕ್ಯಾಂಪಿನ ಲೆಕ್ಕದಲ್ಲಿ ಮಾತ್ರ ಅವಳು ದೃಷ್ಟಿ ಬಂದವಳು. ನಮ್ಮ ಭಾಷೇಲಿ ಹೇಳೋದಾದ್ರೆ, ಟಿಕೆಟ್ ಕ್ಲೋಸ್.

ಅರವಿಂದ್‌ನವರು ಆ ಟಿಕೆಟ್ಟನ್ನು ಮತ್ತೆ ತೆರೆದರು. ಬಡದೇಶಗಳಿಗೆ ಲೆನ್ಸ್ ದುಬಾರಿ ಶೋಕಿ ಅಂದ ತಜ್ಞರಿದ್ದರು, ಆಮದು ಲೆನ್ಸಿನ ಬೆಲೆ ನೂರು ಡಾಲರ್ ದಾಟಿತ್ತು. ಇವರು 1992ರಲ್ಲಿ ಆರೋಲ್ಯಾಬ್ ಶುರುಮಾಡಿ, ತಾವೇ ಲೆನ್ಸ್ ತಯಾರಿಸಿ, ಬೆಲೆಯನ್ನು ಹತ್ತು ಡಾಲರಿನ ಆಸುಪಾಸಿಗೆ ಇಳಿಸಿದರು.

ಪುಸ್ತಕದ ಜೊತೆ ನನ್ನ ತಕರಾರೂ ಇದೆ. ಕರುಣೆಗೆ ಇದೇ ಜಗತ್ತಿನ ಅತಿ ದೊಡ್ಡ ‘ಬಿಸಿನೆಸ್ ಕೇಸ್’ ಅನ್ನುತ್ತದೆ ಅದರ ಉಪಶೀರ್ಷಿಕೆ. ಲಾಭ ಬರದೇ ಹೋಗಿದ್ದರೆ ಅಜ್ಜಿಯ ಕಣ್ಣಿಗೆ ಕೇಸೇ ಇರಲಿಲ್ಲವಾ? ಮೆಹ್ತಾ ಡಾಕ್ಟರ ಕುಟುಂಬದವರೇ. ಹಾಗಾಗಿ ಒಳಮನೆಯ ಮಾತುಗಳು ಚೆನ್ನಾಗಿ ಸಿಗುತ್ತವೆ, ಆದರೆ ಬರವಣಿಗೆಯಲ್ಲಿ ಜಗಳಕ್ಕಿಂತ ಭಕ್ತಿ ಜಾಸ್ತಿ. ನಮ್ಮಂಥವರು ಇದನ್ನು ಓದಿ ‘ಒಂದು ದಿನಕ್ಕೆ ಎಷ್ಟು ಆಪರೇಷನ್’ ಅನ್ನೋದನ್ನಷ್ಟೇ ಸ್ಲೈಡಿಗೆ ಹಾಕಿಕೊಳ್ಳುವ ಅಪಾಯವೂ ಇದೆ.

ಆದರೂ ಓದಿ. ಸಂಖ್ಯೆಗಳಿಗಾಗಿ ಅಲ್ಲ, ‘ಆಪರೇಷನ್ ಆಯ್ತು’ ಅನ್ನುವುದಕ್ಕೂ ‘ಕಾಣಿಸ್ತು’ ಅನ್ನುವುದಕ್ಕೂ ಇರುವ ದೂರಕ್ಕಾಗಿ.

ಹೋದ ವರ್ಷ ಅಮ್ಮನಿಗೆ ಲೆನ್ಸ್ ಹಾಕಿಸಿದೆವು. ಮರುದಿನ ಪಟ್ಟಿ ಬಿಚ್ಚಿದಾಗ ಎದುರು ಗೋಡೆಯ ಗಡಿಯಾರ ನೋಡಿ ಕೇಳಿದಳು: ‘ಹತ್ತೂಕಾಲು ಆಯ್ತಲ್ಲೋ, ತಿಂಡಿ ತಿಂದ್ಯಾ?’