ದೋಷಸೂಚನೆಯೂ ಒಂದು ಆಕರ: ನಂಪೈ ಲೈಬ್ರರಿಯ ಅಳವಡಿಕೆಯನ್ನು ಕುರಿತು

ಗಣಕದ ನೆರವಿನಿಂದ ನಡೆಯುವ ಲೆಕ್ಕಾಚಾರವು ಈಗ ವಿಜ್ಞಾನ ವಿಭಾಗಗಳಿಗೆ ಮಾತ್ರ ಮೀಸಲಾಗಿ ಉಳಿದಿಲ್ಲ. ಜನಗಣತಿಯ ಕೋಷ್ಟಕಗಳು, ಕಂದಾಯದ ಲೆಕ್ಕಗಳು, ಶಾಸನಗಳ ಕಾಲಾನುಕ್ರಮ ಮುಂತಾದವನ್ನು ಅಭ್ಯಸಿಸುವ ಇತಿಹಾಸದ ವಿದ್ಯಾರ್ಥಿಗಳಿಗೂ ಪೈಥಾನ್ ಭಾಷೆಯ ಮುಕ್ತ ಲೈಬ್ರರಿಗಳು ಉಪಯುಕ್ತವಾಗಿವೆ. ಇವುಗಳಲ್ಲಿ ನಂಪೈ ಎಂಬುದು ಮೂಲಭೂತವಾದುದು. ಇತರ ಅನೇಕ ಲೈಬ್ರರಿಗಳು ಅದನ್ನೇ ಆಧರಿಸಿ ನಿಂತಿವೆ. ಆದರೆ ಅದನ್ನು ಅಳವಡಿಸುವಾಗ ತೆರೆಯ ಮೇಲೆ ಉದ್ದವಾದ ದೋಷಸೂಚನೆ ಮೂಡಿತೆಂದರೆ, ಇದು ತಮ್ಮ ವಿಷಯವಲ್ಲವೆಂದು ಹಲವರು ಅಲ್ಲಿಗೇ ಕೈಬಿಡುತ್ತಾರೆ. ಆ ಸೂಚನೆಯೂ ಒಂದು ಆಕರ. ಆಕರಪರೀಕ್ಷೆಯಲ್ಲಿ ಪಳಗಿದವರಿಗೆ ಅದನ್ನು ಓದುವ ಶಕ್ತಿ ಈಗಾಗಲೇ ಉಂಟು ಎಂಬುದೇ ಈ ಲೇಖನದ ಪ್ರತಿಪಾದ್ಯ.

ಮೊದಲು ಕೃತಿಯ ಸ್ವರೂಪವನ್ನು ನೋಡೋಣ. ನಂಪೈ ಒಂದೇ ಕಾಲದಲ್ಲಿ, ಒಂದೇ ಕೈಯಿಂದ ರಚಿತವಾದುದಲ್ಲ. 1995ರ ಸುಮಾರಿಗೆ ಜಿಮ್ ಹ್ಯೂಗುನಿನ್ ಆರಂಭಿಸಿದ ನ್ಯೂಮೆರಿಕ್, ಅನಂತರ ಬಂದ ನಮ್‌ಅರೇ ಎಂಬ ಎರಡು ಕವಲುಗಳನ್ನು ಟ್ರಾವಿಸ್ ಆಲಿಫಂಟ್ ಅವರು 2005ರಲ್ಲಿ ಒಂದುಗೂಡಿಸಲು ತೊಡಗಿದರು; 2006ರಲ್ಲಿ ನಂಪೈ 1.0 ಹೊರಬಂದಿತು. ಇದರ ತಳದಲ್ಲಿ ಇನ್ನೂ ಹಳೆಯ ಪದರಗಳಿವೆ. ಮಾತೃಕೆಗಳ ಗುಣಾಕಾರ ಮೊದಲಾದ ಕಾರ್ಯಗಳಿಗೆ ಅದು ಅವಲಂಬಿಸುವುದು ಫೋರ್ಟ್ರಾನ್ ಭಾಷೆಯಲ್ಲಿ ಹುಟ್ಟಿದ, 1979ರಲ್ಲಿ ಪ್ರಕಟವಾದ ಬ್ಲಾಸ್ ಮತ್ತು 1992ರ ಲ್ಯಾಪ್ಯಾಕ್‌ಗಳ ಪರಂಪರೆಯನ್ನು. ಇಂದು ನಂಪೈಯೊಡನೆ ಸಾಮಾನ್ಯವಾಗಿ ಬರುವ ಓಪನ್‌ಬ್ಲಾಸ್ ಆ ಪರಂಪರೆಯ ಒಂದು ಕುಡಿ. ಪೈಥಾನ್, ನಂಪೈ, ಓಪನ್‌ಬ್ಲಾಸ್, ಇವೆಲ್ಲಕ್ಕೂ ಕೆಳಗಿರುವ ಕಾರ್ಯಾಚರಣ ವ್ಯವಸ್ಥೆ—ಪ್ರತಿಯೊಂದಕ್ಕೂ ತನ್ನದೇ ಆದ ಕಾಲವುಂಟು. ಅಳವಡಿಕೆಯ ತೊಂದರೆಗಳಲ್ಲಿ ಬಹಳಷ್ಟು ಈ ಪದರಗಳ ಕಾಲ ಒಂದಕ್ಕೊಂದು ಹೊಂದದಿರುವುದರಿಂದ ಉಂಟಾಗುತ್ತವೆ.

ಒಂದು ಸಾಮಾನ್ಯ ನಿದರ್ಶನವನ್ನು ಕೊಡಬಹುದು. ವೀಲ್ ಎಂಬ ಸಿದ್ಧ ಕಟ್ಟುಗಳ ಪದ್ಧತಿ ಬಂದ ಮೇಲೆ ಬಳಕೆದಾರರು ಮೂಲ ಪಾಠವನ್ನು ತಾವೇ ಕಂಪೈಲ್ ಮಾಡಿಕೊಳ್ಳುವ ಶ್ರಮ ತಪ್ಪಿತು. ಆದರೆ ಪ್ರತಿಯೊಂದು ಕಟ್ಟೂ ಗೊತ್ತಾದ ಪೈಥಾನ್ ಆವೃತ್ತಿಗೂ ಗೊತ್ತಾದ ಬಗೆಯ ಯಂತ್ರಕ್ಕೂ ಬದ್ಧವಾದುದು. ತಕ್ಕ ಕಟ್ಟು ಸಿಗದಿದ್ದರೆ, ಅಳವಡಿಸುವ ಸಾಧನವಾದ ಪಿಪ್ ಮೂಲ ಪಾಠವನ್ನು ತಂದು ತಾನೇ ಕಟ್ಟಲು ತೊಡಗುತ್ತದೆ. ಕಂಪೈಲರ್ ಇಲ್ಲವೆಂಬ ದೂರು ಏಳುವುದು ಆಗ. ವಿದ್ಯಾರ್ಥಿಗಳು ಕಂಪೈಲರನ್ನು ಅರಸುತ್ತ ಹೊರಡುತ್ತಾರೆ. ವಾಸ್ತವವಾಗಿ ಅವರ ಪೈಥಾನ್ ಆ ನಂಪೈಗಿಂತ ಬಹಳ ಈಚಿನದಾಗಿರುತ್ತದೆ. ದೂರು ಹೇಳುವುದೊಂದು, ಕಾರಣ ಮತ್ತೊಂದು.

ಈಗ ಸೂಚನೆಯ ಪಾಠವನ್ನೇ ಪರಿಶೀಲಿಸೋಣ. ಅಳವಡಿಕೆ ಮುಗಿದ ಮೇಲೂ ನಂಪೈ ತೆರೆದುಕೊಳ್ಳದಿದ್ದರೆ, ಅದರ ರಚನಕಾರರೇ ಬರೆದಿಟ್ಟ ಒಂದು ಒಕ್ಕಣೆ ಕಾಣಿಸಿಕೊಳ್ಳುತ್ತದೆ. ಸಿ ಭಾಷೆಯಲ್ಲಿ ರಚಿತವಾದ ಭಾಗಗಳು ತೆರೆಯಲಿಲ್ಲ, ಇದಕ್ಕೆ ಕಾರಣಗಳು ಅನೇಕವಿರಬಹುದು ಎಂದು ಅದು ಮೊದಲು ತಿಳಿಸುತ್ತದೆ; ನೆರವಿನ ಪುಟದ ವಿಳಾಸವನ್ನು ಕೊಡುತ್ತದೆ; ಬಳಿಕ ಪೈಥಾನ್ ಯಾವ ಆವೃತ್ತಿಯದು, ಯಾವ ಸ್ಥಳದಿಂದ ಬಂದುದು, ನಂಪೈ ಯಾವ ಆವೃತ್ತಿಯದು ಎಂಬುದನ್ನು ನಮೂದಿಸಿ, ಇವು ನಿಮ್ಮ ನಿರೀಕ್ಷೆಯವೇ ಎಂದು ಕೇಳುತ್ತದೆ. ಮೂಲ ದೋಷವೇನೆಂಬುದು ಕಟ್ಟಕಡೆಗೆ ಬರುತ್ತದೆ.

ಈ ಒಕ್ಕಣೆಯ ಗುಣವನ್ನು ಮೊದಲು ಒಪ್ಪಬೇಕು. ಅದು ಓದುಗರನ್ನು ದೂಷಿಸುವುದಿಲ್ಲ. ಕಾಲವನ್ನೂ ಸ್ಥಳವನ್ನೂ ಹೇಳುತ್ತದೆ. ಒಂದೇ ಗಣಕದಲ್ಲಿ ಎರಡು ಪೈಥಾನ್‌ಗಳಿದ್ದು, ಲೈಬ್ರರಿ ಒಂದರಲ್ಲಿ ಸೇರಿ, ಕೆಲಸ ಇನ್ನೊಂದರಲ್ಲಿ ನಡೆಯುತ್ತಿರುವುದು ಸರ್ವೇಸಾಮಾನ್ಯ. ಸ್ಥಳದ ಉಲ್ಲೇಖವೊಂದರಿಂದಲೇ ಇಂತಹ ಗೊಂದಲ ಎಷ್ಟೋ ವೇಳೆ ಬಗೆಹರಿಯುತ್ತದೆ. ಆದರೆ ಅದರ ದೋಷಗಳೂ ಅಲ್ಪವಲ್ಲ. ಅತಿ ಮುಖ್ಯವಾದ ಸಾಕ್ಷ್ಯ ಕೊನೆಯಲ್ಲಿರುವುದರಿಂದ ಹೊಸಬರು ಅದನ್ನು ತಲಪುವುದೇ ಇಲ್ಲ. ಅಲ್ಲದೆ, ‘ನಿಮ್ಮ ನಿರೀಕ್ಷೆಯ ಆವೃತ್ತಿಯೇ?’ ಎಂಬ ಪ್ರಶ್ನೆಗೆ ನಿರೀಕ್ಷೆಯುಳ್ಳವರು ಮಾತ್ರ ಉತ್ತರ ಕೊಡಬಲ್ಲರು. ಇಂಗ್ಲಿಷ್ ಒಕ್ಕಣೆಯನ್ನು ಪ್ರಯಾಸದಿಂದ ಓದುವ ನಮ್ಮ ವಿದ್ಯಾರ್ಥಿಗಳಿಗೆ ಈ ಎರಡು ತೊಡಕುಗಳೂ ಇಮ್ಮಡಿಯಾಗುತ್ತವೆ.

ದೋಷ ಯಾವ ಪದರದ್ದು ಎಂಬ ನಿರ್ಣಯ ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ 2020ರ ಒಂದು ಪ್ರಸಂಗ ಸಾಕ್ಷಿಯಾಗಿದೆ. ವಿಂಡೋಸ್ 10ರ 2004 ಎಂಬ ಆವೃತ್ತಿಯಲ್ಲಿ, ಭಾಗಾಕಾರದ ಶೇಷವನ್ನು ಕೊಡುವ ಒಂದು ಕಾರ್ಯ ಕೆಟ್ಟಿದ್ದಿತು. ಅದರಿಂದ ಓಪನ್‌ಬ್ಲಾಸ್‌ನ ಫಲಿತಾಂಶಗಳು ತಪ್ಪಾಗುತ್ತಿದ್ದವು. ಇಲ್ಲಿ 2004 ಎಂಬುದು ಇಸವಿಯಲ್ಲ; ಇಸವಿ 20, ತಿಂಗಳು 04 ಎಂದು ಓದಬೇಕು. ಕಾಲಗಣನೆಯ ಪದ್ಧತಿಯನ್ನು ತಿಳಿಯದೆ ಅಂಕಿಯನ್ನು ಓದಿದರೆ ಹದಿನಾರು ವರ್ಷಗಳ ವ್ಯತ್ಯಾಸ ಬೀಳುತ್ತದೆ. ಅಕ್ಟೋಬರಿನಲ್ಲಿ ಬಂದ ನಂಪೈ 1.19.3 ಆ ದೋಷವನ್ನು ತಪ್ಪಿಸಿಕೊಳ್ಳುವ ಓಪನ್‌ಬ್ಲಾಸನ್ನು ಒಳಗೊಂಡಿದ್ದಿತು. ಆದರೆ ಅದು ಬೇರೆ ಪರಿಸರಗಳಲ್ಲಿ ತೊಂದರೆಯನ್ನುಂಟುಮಾಡಿತು. ನವೆಂಬರಿನ 1.19.4 ಹಳೆಯದಕ್ಕೆ ಮರಳಿ, ಕೆಟ್ಟ ವಿಂಡೋಸ್ ಕಂಡಲ್ಲಿ ಎಚ್ಚರಿಕೆಯಿತ್ತು ನಿಂತುಬಿಡುತ್ತಿದ್ದಿತು. 2021ರ ಜನವರಿಯ 1.19.5ರಲ್ಲಿ ಪರಿಹಾರ ದೊರೆಯಿತು. ಆ ನಡುವೆ ‘1.19.3ನ್ನು ಹಾಕಿರಿ’ ಎಂಬ ಸಲಹೆ ವ್ಯಾಪಕವಾಗಿ ಹಬ್ಬಿದ್ದಿತು. ಆ ಕೆಲವು ವಾರಗಳಿಗೆ ಅದು ಯುಕ್ತವೂ ಆಗಿದ್ದಿತು. ಇಂದಿನ ಪೈಥಾನ್‌ನಲ್ಲಿ ಅದನ್ನೇ ಅನುಸರಿಸಿದರೆ ತಕ್ಕ ಸಿದ್ಧ ಕಟ್ಟು ದೊರೆಯದೆ, ಮೇಲೆ ಹೇಳಿದ ಕಂಪೈಲರಿನ ದೂರು ಎದುರಾಗುತ್ತದೆ.

ಆದುದರಿಂದ ತಾರೀಖಿಲ್ಲದ ಸಲಹೆಯನ್ನು ತಾರೀಖಿಲ್ಲದ ಪತ್ರದಂತೆಯೇ ಸಂಶಯದಿಂದ ಕಾಣಬೇಕು. 2024ರ ಜೂನಿನಲ್ಲಿ ನಂಪೈ 2.0 ಬಂದಾಗ, ಹಿಂದಿನ ಆವೃತ್ತಿಗೆ ಕಂಪೈಲ್ ಆಗಿದ್ದ ಲೈಬ್ರರಿಗಳನ್ನು ಮತ್ತೆ ಕಟ್ಟಬೇಕಾಯಿತು. ಎರಡಕ್ಕಿಂತ ಕೆಳಗಿನದನ್ನು ಬಳಸಿರೆಂಬ ಸಲಹೆ ಆ ಸಂಧಿಕಾಲದ್ದು, ಶಾಶ್ವತ ವಿಧಿಯಲ್ಲ. ‘ಎಲ್ಲವನ್ನೂ ಅಳಿಸಿ ಮತ್ತೆ ಹಾಕಿರಿ’ ಎಂಬುದಂತೂ ಇನ್ನೂ ಅಪಾಯಕರ. ಅದು ಕೆಲವೊಮ್ಮೆ ಫಲಿಸುತ್ತದೆ, ನಿಜ. ಆದರೆ ಕಾರಣವನ್ನು ತೋರಿಸಬಹುದಾಗಿದ್ದ ಸಾಕ್ಷ್ಯವನ್ನೆಲ್ಲ ನಾಶಮಾಡುತ್ತದೆ. ಹಳೆಯದನ್ನು ಹಾಗೆಯೇ ಉಳಿಸಿ, ಪ್ರತ್ಯೇಕವಾದ ಹೊಸ ಪರಿಸರವೊಂದನ್ನು ರಚಿಸಿಕೊಂಡು ಅಲ್ಲಿ ಪ್ರಯೋಗಿಸುವುದು ಲೇಸು.

ಇಷ್ಟಾದರೂ, ಸದ್ದುಮಾಡುವ ದೋಷ ಉಪಕಾರಿಯೇ. ಮೌನವಾದ ದೋಷಕ್ಕೆ ಹೆಚ್ಚು ಅಂಜಬೇಕು. ನಂಪೈ 2.0ಕ್ಕೆ ಮೊದಲು, ವಿಂಡೋಸಿನಲ್ಲಿ ಪೂರ್ಣಾಂಕಗಳಿಗೆ ರೂಢಿಯಾಗಿ 32 ಬಿಟ್‌ಗಳ ಸ್ಥಳ ಮಾತ್ರ ಸಲ್ಲುತ್ತಿದ್ದಿತು. 64 ಬಿಟ್‌ನ ಲಿನಕ್ಸ್‌ನಲ್ಲಿ 64. ಹತ್ತು ಲಕ್ಷ ರೂಪಾಯಿಗಳ 5,000 ಬಾಬುಗಳನ್ನು ಕೂಡಿಸಿದರೆ 500 ಕೋಟಿ ಬರಬೇಕಷ್ಟೆ. 32 ಬಿಟ್‌ನ ಮಿತಿ 2,14,74,83,647. ಆದಕಾರಣ ಅಂತಹ ವಿಂಡೋಸ್ ಗಣಕವು 70,50,32,704 ಎಂಬ ಮೊತ್ತವನ್ನು ಕೊಡುತ್ತಿದ್ದಿತು—ಯಾವ ಎಚ್ಚರಿಕೆಯೂ ಇಲ್ಲದೆ. ಋಣಸಂಖ್ಯೆ ಬಂದಿದ್ದರೆ ಯಾರಾದರೂ ಸಂಶಯಪಡುತ್ತಿದ್ದರು, ಇದನ್ನು ಸಂಶಯಿಸುವವರಾರು? ಒಂದೇ ದತ್ತಾಂಶ, ಒಂದೇ ಕಾರ್ಯಕ್ರಮ, ಎರಡು ಗಣಕಗಳಲ್ಲಿ ಎರಡು ಮೊತ್ತ. ಇಂತಹ ಅಂಕಿಯೊಂದು ಪ್ರಬಂಧದಲ್ಲಿ ಸೇರಿದರೆ, ಮುಂದಿನವರು ಅದನ್ನು ಪ್ರಮಾಣವೆಂದು ಉದ್ಧರಿಸುತ್ತಾ ಹೋಗುತ್ತಾರೆ.

ಹಸ್ತಪ್ರತಿಯನ್ನು ಉಪಯೋಗಿಸಿದವರು ಅದು ಎಲ್ಲಿಯ ಪ್ರತಿ, ಯಾವ ಕಾಲದ್ದು ಎಂದು ಹೇಳದೆ ಬರೆದರೆ ನಮ್ಮ ಪರೀಕ್ಷಕರು ಒಪ್ಪುವುದಿಲ್ಲ. ಗಣಕದಿಂದ ಪಡೆದ ಅಂಕಿಗಳಿಗೂ ಇದೇ ನಿಯಮ ಅನ್ವಯಿಸಬೇಕು. ಕಾರ್ಯಾಚರಣ ವ್ಯವಸ್ಥೆ, ಪೈಥಾನ್, ನಂಪೈ, ಅದರೊಡನೆ ಬಂದ ಬ್ಲಾಸ್—ಈ ನಾಲ್ಕರ ಆವೃತ್ತಿಗಳನ್ನೂ ಗಣನೆ ನಡೆದ ದಿನಾಂಕವನ್ನೂ ಪ್ರತಿಯೊಂದು ಪ್ರಬಂಧದ ಅನುಬಂಧದಲ್ಲಿ ನಮೂದಿಸುವ ಪದ್ಧತಿ ನಮ್ಮ ವಿಭಾಗಗಳಲ್ಲಿ ಬರಬೇಕು. ನಂಪೈ ತನ್ನ ರಚನೆಯ ವಿವರವನ್ನು ತಾನೇ ಹೇಳಬಲ್ಲುದಾದ್ದರಿಂದ ಇದಕ್ಕೆ ಕೆಲವೇ ನಿಮಿಷಗಳು ಸಾಕು. ಈ ನಮೂದು ಇಲ್ಲದಿದ್ದರೆ, ಎರಡು ಮೊತ್ತಗಳು ಎದುರುಬದುರಾಗಿ ನಿಂತ ದಿನ ಯಾವುದು ಸರಿಯೆಂದು ನಿರ್ಣಯಿಸುವುದು ಬಹು ಕಷ್ಟವಾದೀತು.